ಕಳೆ ಅಂತ ಚೆಂಡುಹೂವಿನ ಸಸಿ ಕಿತ್ತರು, ನಾನು ಗುಟ್ಟಾಗಿ ಮತ್ತೆ ನೆಟ್ಟೆ. ಈಗೇನು ಮಾಡಲಿ?

ರಿಟೈರ್ಡ್ ಮೇಷ್ಟ್ರು:
ನಮಸ್ಕಾರ. ನಾನು ಮೈಸೂರಿನವನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಈಗ ಮಂಗಳವಾರ, ಶುಕ್ರವಾರ ಬೆಳಿಗ್ಗೆ ನಮ್ಮ ಬಡಾವಣೆಯ ಒಂದು ಡೇ ಸೆಂಟರಿಗೆ ಹೋಗುತ್ತೇನೆ. ಬೌದ್ಧಿಕ ಅಂಗವೈಕಲ್ಯ ಇರುವ ಹನ್ನೊಂದು ಜನ ಬರುತ್ತಾರೆ, ಎಲ್ಲರೂ ಇಪ್ಪತ್ತು ದಾಟಿದವರು. ಅವರ ಜೊತೆ ತೋಟದ ಕೆಲಸ. ಸಂಬಳ ಇಲ್ಲ, ಕಾಫಿ ಮಾತ್ರ ಇದೆ. ಕಾಫಿ ಚೆನ್ನಾಗಿರುತ್ತೆ.

ಮೆಂತ್ಯ, ದಂಟು ಬೆಳೆದಾಯಿತು. ಮೆಂತ್ಯ ನಾಲ್ಕೇ ದಿನಕ್ಕೆ ಮೊಳಕೆ ತೋರಿಸಿತು, ಎಲ್ಲರಿಗೂ ಖುಷಿ. ಆ ಧೈರ್ಯದ ಮೇಲೆ ಆಯುಧಪೂಜೆಗೆ ಹೂ ಮಾರೋಣ ಅಂತ ಚೆಂಡುಹೂ ಹಾಕಿದೆವು. ಟ್ರೇಯಲ್ಲಿ ಸಸಿ ಮಾಡಿ, ಮೂರೂವರೆ ವಾರದ ಅರವತ್ತು ಸಸಿಗಳನ್ನು ಪಾತಿಗೆ ಇಳಿಸಿದೆವು.

ಹೋದ ಮಂಗಳವಾರ "ಕಳೆ ಕಿತ್ತುಬಿಡಿ" ಅಂತ ಒಬ್ಬರಿಗೆ ಹೇಳಿ ಪೈಪ್ ಸರಿ ಮಾಡಲು ಹೋದೆ. ಅವರಿಗೆ ಮೂವತ್ತನಾಲ್ಕು ವರ್ಷ, ಡೌನ್ ಸಿಂಡ್ರೋಮ್ ಇದೆ, ಕೆಲಸದಲ್ಲಿ ಎಲ್ಲರಿಗಿಂತ ಚುರುಕು. ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಪಾತಿ ಸಪಾಟು! ಕಾಂಗ್ರೆಸ್ ಗಿಡವೂ ಇಲ್ಲ, ಚೆಂಡುಹೂವೂ ಇಲ್ಲ. ಬೇರಿನ ಮಣ್ಣು ಕೊಡವಿ, ಎಲ್ಲವನ್ನೂ ಒಂದೇ ಕಡೆ ತಲೆ ಸೇರಿಸಿ ಜೋಡಿಸಿಟ್ಟಿದ್ದರು, ಸಂತೆಗೆ ಹೊರಟ ಸೊಪ್ಪಿನ ಕಟ್ಟಿನ ಹಾಗೆ. "ಮುಗೀತು ಸಾರ್" ಅಂದರು. ನಾನು "ಶಭಾಷ್ ಪುಟ್ಟಾ" ಅಂದೆ. ಇನ್ನೇನು ಹೇಳಲಿ?

ಸಂಜೆ ಒಬ್ಬನೇ ಹೋಗಿ ನರ್ಸರಿಯಿಂದ ತಂದ ಸಸಿ ನೆಟ್ಟೆ. ಅವರಿಗೆ ಬೇಜಾರಾಗದಿರಲಿ ಅಂತ. ಶುಕ್ರವಾರ ಅವರು ಪಾತಿಯ ಮುಂದೆ ತುಂಬಾ ಹೊತ್ತು ನಿಂತರು. "ನಾನು ಕಿತ್ತಿದ್ದೆ" ಅಂದರು. ಆಮೇಲೆ ಹೋಗಿ ಬೆಂಚಿನ ಮೇಲೆ ಕೂತವರು ಕುರಪಿ ಮುಟ್ಟಲೇ ಇಲ್ಲ. ಹೇಗೆ ಸರಿ ಮಾಡಲಿ?

ಸಸಿಮಡಿ:
ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಮೊದಲು ಒಂದು ಮಾತು. ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಕೀಳಿಸಿದಿರಾ? ಅದು ಕೆಲವರಿಗೆ ಮೈಯೆಲ್ಲಾ ತುರಿಕೆ ತರುತ್ತೆ, ಒಮ್ಮೆ ಅಲರ್ಜಿ ಹತ್ತಿದರೆ ಬಿಡುವುದಿಲ್ಲ. ಗ್ಲೌಸ್, ತುಂಬು ತೋಳಿನ ಅಂಗಿ ಬೇಕು. ಹೂ ಬಿಡುವ ಮೊದಲೇ ಕೀಳಬೇಕು. ತುರಿಸುತ್ತಿದೆ ಅಂತ ಹೇಳಲು ಬಾರದವರೂ ನಿಮ್ಮ ಗುಂಪಿನಲ್ಲಿ ಇರಬಹುದು, ಅಲ್ವಾ? ಕೈ ನೀವೇ ನೋಡಿ.

ನಾನು ವ್ಹೀಲ್‌ಚೇರ್ ಬಳಸುವವನು. ಬೆಂಗಳೂರಿನ ಎಪಿಡಿ ಅನ್ನುವ, ಅಂಗವಿಕಲರಿಗಾಗಿ ಇರುವ ಸಂಸ್ಥೆಯಲ್ಲಿ ತೋಟಗಾರಿಕೆ ಕಲಿತು ಈಗ ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. 1959ರಲ್ಲಿ ಆ ಸಂಸ್ಥೆ ಶುರು ಮಾಡಿದ ಎನ್.ಎಸ್. ಹೇಮಾ ಅವರೂ ವ್ಹೀಲ್‌ಚೇರಿನಲ್ಲೇ ಓಡಾಡಿದವರು. ಇದನ್ನು ಯಾಕೆ ಹೇಳಿದೆ ಅಂದರೆ, ನಾನು ಕಲಿಯುವಾಗ ಸಸಿ ವಕ್ರವಾಗಿ ನೆಟ್ಟರೆ "ವಕ್ರವಾಗಿದೆ, ಕಿತ್ತು ನೆಡು" ಅನ್ನುತ್ತಿದ್ದರು. ಅಷ್ಟೇ. ಬೇರೆ ಕಡೆ ಸ್ವಯಂಸೇವಕರು ಬರುತ್ತಿದ್ದರು. ಆಹಾ ಓಹೋ ಅಂತ ಹೊಗಳಿ, ನಾವು ಊಟಕ್ಕೆ ಹೋದಾಗ ಎಲ್ಲ ಸರಿ ಮಾಡಿಡುತ್ತಿದ್ದರು. ನಮಗೆ ಗೊತ್ತಾಗಲ್ಲ ಅಂದುಕೊಂಡಿದ್ದರು. ನೆಟ್ಟವನಿಗೆ ತನ್ನ ಕೈ ಗುರುತು ಸಿಗದೇ ಇರುತ್ತಾ?

ತಪ್ಪು ನಿಮ್ಮದು, ಅವರದಲ್ಲ. ಚೆಂಡುಹೂವಿನ ಎಳೆ ಸಸಿಯೂ ಕಾಂಗ್ರೆಸ್ ಗಿಡವೂ ಎಲೆ ಸೀಳುಸೀಳಾಗಿ ಹೆಚ್ಚುಕಡಿಮೆ ಒಂದೇ ಥರ. ಹೊಸ ಆಳುಗಳೂ ಎಡವುತ್ತಾರೆ. "ಕಳೆ" ಅನ್ನುವುದು ಗಿಡದ ಹೆಸರಲ್ಲ ನೋಡಿ, ನಮಗೆ ಬೇಡವಾದದ್ದಕ್ಕೆ ನಾವಿಟ್ಟ ಹೆಸರು. ಅದನ್ನು ಬಾಯಲ್ಲಿ ಹೇಳಿದರೆ ಯಾರಿಗೆ ಅರ್ಥವಾಗುತ್ತೆ?

ಹೀಗೆ ಮಾಡಿ: ಪ್ಲಾಸ್ಟಿಕ್ ಲೋಟಗಳ ತಳ ಕತ್ತರಿಸಿ, ಪ್ರತಿ ಸಸಿಯ ಸುತ್ತ ಒಂದೊಂದನ್ನು ಮಣ್ಣಿಗೆ ಒತ್ತಿ. ಲೋಟದ ಒಳಗಿನದು ನಮ್ಮದು, ಹೊರಗಿನದು ಕಳೆ. ಬುಡಕ್ಕೆ ನೀರೂ ಚೆನ್ನಾಗಿ ನಿಲ್ಲುತ್ತೆ. ಇನ್ನು ದಂಟಿನ ಬೀಜ ತೀರಾ ಸಣ್ಣದು, ಮರಳಿನ ಜೊತೆ ಬೆರೆಸಿ ಉಪ್ಪಿನ ಡಬ್ಬಿಯಿಂದ ಉದುರಿಸಲು ಕೊಡಿ. ಕೈ ನಡುಗುವವರಿಗೂ ಆಗುತ್ತೆ.

ಮಗಳ ಅಮ್ಮ:
ನನ್ನ ಮಗಳಿಗೆ 29. ನಿಮ್ಮ ಬರಹದಲ್ಲಿ ನನಗೆ ಕಣ್ಣಿಗೆ ಬಿದ್ದದ್ದು "ಪುಟ್ಟಾ". ಮೂವತ್ತನಾಲ್ಕು ವರ್ಷದ ಗಂಡಸು! ಇಲ್ಲಿ ಬರೆಯುವಾಗ "ಅವರು" ಅಂತೀರಿ, ಎದುರಿಗೆ ಪುಟ್ಟಾ. ಪ್ರೀತಿಯಿಂದಲೇ ಅಂತೀರಿ, ಗೊತ್ತು. ನನ್ನ ಮಗಳನ್ನೂ ಎಲ್ಲರೂ "ಮಗು" ಅಂತಾರೆ, ಅವಳು ಮುಖ ತಿರುಗಿಸುತ್ತಾಳೆ. ಟೈಲರಿಂಗ್ ಕಲಿಸುವ ಅಕ್ಕ ಒಬ್ಬರು ಮಾತ್ರ "ಮೇಡಂ, ಬನ್ನಿ" ಅನ್ನುತ್ತಾರೆ. ಅವರ ಕ್ಲಾಸಿಗೆ ಮಾತ್ರ ತಾನೇ ತಲೆ ಬಾಚಿಕೊಂಡು ಹೊರಡುತ್ತಾಳೆ.

ಇನ್ನೊಂದು. ಫಿಟ್ಸ್ ಬರುವವರು ಯಾರು ಅಂತ ಮೊದಲು ಕೇಳಿಟ್ಟುಕೊಳ್ಳಿ. ಸಂಪಿನ ಮುಚ್ಚಳ ಹಾಕಿರಲಿ. ಕೆಲವು ಮಾತ್ರೆ ತಗೊಳ್ಳುವವರಿಗೆ ಬಿಸಿಲು ಬೇಗ ತಾಗುತ್ತೆ, ಟೋಪಿ ಇರಲಿ. ಬೇಲಿಗೆ ಕಣಗಿಲೆ ಇದ್ದರೆ ತೆಗೆಸಿಬಿಡಿ. ಎಲೆ ಬಾಯಿಗೆ ಹಾಕುವವರು ಇರುತ್ತಾರೆ, ಅದು ವಿಷ.

ಸುಮ್ನೆ ಓದುಗ:
ಲೋಟ ಐಡಿಯಾ ನಮ್ಮ ತೋಟಕ್ಕೂ ಬೇಕಿತ್ತು. ನಮ್ಮನೆಯವರು ಹೋದ ವರ್ಷ ನನ್ನ ಕ್ಯಾರೆಟ್ಟನ್ನೆಲ್ಲಾ ಕಳೆ ಅಂತ ಕಿತ್ತರು. ಅವರು ಇಂಜಿನಿಯರು.

ರಿಟೈರ್ಡ್ ಮೇಷ್ಟ್ರು:
ಬೈದದ್ದಕ್ಕೆ ಥ್ಯಾಂಕ್ಸ್. ಬೇಕಿತ್ತು. ಎಲ್ಲರ ಕೈ ನೋಡಿದೆ, ಸದ್ಯ ಯಾರಿಗೂ ಏನೂ ಆಗಿಲ್ಲ. ಗ್ಲೌಸ್ ತಂದಾಯಿತು. ಬೇಲಿಯಲ್ಲಿ ಕಣಗಿಲೆ ಇಲ್ಲ.

ಇವತ್ತು ಅವರ ಪಕ್ಕ ಬೆಂಚಿನಲ್ಲಿ ಕೂತು, ಹೆಸರು ಹಿಡಿದು "ನಿಮಗೆ ಗೊತ್ತಾಗದ ಹಾಗೆ ನೆಟ್ಟಿದ್ದು ನಾನೇ. ಯಾವುದು ಕಳೆ ಅಂತ ತೋರಿಸಿರಲಿಲ್ಲ. ತಪ್ಪಾಯ್ತು" ಅಂದೆ. ನಲವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಆ ಕೊನೆಯ ಪದ ಅಷ್ಟು ಸಲೀಸಲ್ಲ. ಅವರು ಏನೂ ಅನ್ನಲಿಲ್ಲ. ಲೋಟಗಳ ಚೀಲ ಮಾತ್ರ ತಮ್ಮ ಕಡೆ ಎಳೆದುಕೊಂಡರು.

ಕತ್ತರಿಸಿದ್ದು ನಾನು, ಒತ್ತಿದ್ದು ಅವರು. ಮೂರನೇ ಸಾಲಿಗೆ ಬರುವಾಗ ನಾನೊಂದು ಒತ್ತಿದೆ. ಸ್ವಲ್ಪ ವಾಲಿತ್ತು. ಅವರು ನನ್ನ ಮುಖ ನೋಡಿ, "ವಕ್ರ ಸಾರ್. ಕಿತ್ತು ಹಾಕಿ" ಅಂದರು. ಸಸಿಮಡಿಯವರೇ, ನೀವೇನಾದರೂ ಅವರಿಗೆ ಫೋನ್ ಮಾಡಿದ್ದಿರಾ?

ಲೋಟ ಹದಿನೆಂಟು ಕಮ್ಮಿ ಬಿದ್ದಿದೆ. ಶುಕ್ರವಾರದೊಳಗೆ ಕಲ್ಯಾಣ ಮಂಟಪದಲ್ಲಿ ಕೇಳಬೇಕು.