ದಿನವಿಡೀ ಹಾಕಿಕೊಳ್ಳಲು ಹಗುರವಾದ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಕನ್ನಡಕ ಇರುವವರಿಗೆ ಯಾವುದು ಹೊಂದುತ್ತದೆ?

ತುಮಕೂರು ಪ್ರಯಾಣಿಕೆ

ಎಲ್ಲರಿಗೂ ನಮಸ್ಕಾರ. ಕೆಲಸದ ಸಲುವಾಗಿ ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವಳು ನಾನು. ನಮ್ಮ ಆಫೀಸು ಗೋಡೆಗಳಿಲ್ಲದ ಒಂದು ದೊಡ್ಡ ಹಾಲ್. ಬೆಳಗಿನಿಂದ ಸಂಜೆಯವರೆಗೆ ಎಸಿ ಗುಂಯ್ ಎನ್ನುತ್ತಲೇ ಇರುತ್ತದೆ, ಅದರ ಜೊತೆಗೆ ಅಕ್ಕಪಕ್ಕದವರ ಫೋನ್ ಮಾತು. ಲೆಕ್ಕಪತ್ರ ತಾಳೆ ನೋಡುವ ಕೆಲಸವಾದ್ದರಿಂದ ಗಮನ ಒಮ್ಮೆ ಕದಲಿದರೆ ಇಡೀ ಪುಟವನ್ನು ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ. ಆಗಾಗ ದೆಹಲಿಗೆ ವಿಮಾನದಲ್ಲಿ ಹೋಗುವುದೂ ಇದೆ. ಇಳಿದು ಬಹಳ ಹೊತ್ತಾದ ಮೇಲೂ ಇಂಜಿನ್ನಿನ ಮೊರೆತ ತಲೆಯೊಳಗೆ ಉಳಿದೇ ಇರುತ್ತದೆ.

ಅಣ್ಣನ ಹತ್ತಿರ ಇರುವ ದೊಡ್ಡ ಹೆಡ್‌ಫೋನನ್ನು ಹಾಕಿ ನೋಡಿದ್ದೇನೆ. ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲೇ ನೆತ್ತಿ ಭಾರವಾಗುತ್ತದೆ, ಕನ್ನಡಕದ ಕಡ್ಡಿ ಕಿವಿಯ ಮೇಲೆ ಒತ್ತಿ ನೋವು ಶುರುವಾಗುತ್ತದೆ. ಹಗುರವಾದದ್ದನ್ನು ತೆಗೆದುಕೊಂಡರೆ ಸದ್ದು ತಡೆಯುವ ಶಕ್ತಿಯೂ ಅಷ್ಟಕ್ಕಷ್ಟೇ ಇರುತ್ತದೆಯೇ? ಪಕ್ಕದವರ ಮಾತು ಕೇಳದ ಹಾಗೆ ಮಾಡುವುದು ನಿಜವಾಗಿ ಸಾಧ್ಯವೇ? ದಿನಕ್ಕೆ ಐದಾರು ಗಂಟೆ ಹಾಕಿಕೊಂಡರೆ ಕಿವಿಗೆ ತೊಂದರೆಯಾದೀತೇ? ಹದಿನೈದು ಸಾವಿರ ರೂಪಾಯಿಯ ಒಳಗೆ ಮುಗಿಸಬೇಕೆಂದಿದ್ದೇನೆ. ಬಳಸಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಶಬ್ದತಂತ್ರ

ಮೇಡಂ, ನಿಮ್ಮ ಪ್ರಶ್ನೆಯಲ್ಲಿ ಎರಡು ಜಾತಿಯ ಗದ್ದಲಗಳು ಸೇರಿಕೊಂಡಿವೆ. ಎಸಿ, ರೈಲು ಮತ್ತು ವಿಮಾನದ ಇಂಜಿನ್ನಿನ ಮೊರೆತ ಒಂದು ಜಾತಿ. ಮನುಷ್ಯರ ಮಾತು, ಹಾರ್ನ್, ಮಗುವಿನ ಅಳು ಇನ್ನೊಂದು. ಈ ಹೆಡ್‌ಫೋನುಗಳು ಮೊದಲನೆಯದನ್ನು ಬಹುಮಟ್ಟಿಗೆ ಅಳಿಸುತ್ತವೆ, ಎರಡನೆಯದನ್ನು ತಗ್ಗಿಸುತ್ತವೆ ಅಷ್ಟೆ.

ಕಾರಣ ಹೀಗಿದೆ. ಹೊರಮೈಯಲ್ಲಿರುವ ಪುಟ್ಟ ಮೈಕುಗಳು ಸುತ್ತಲಿನ ಸದ್ದನ್ನು ಹಿಡಿಯುತ್ತವೆ, ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ತರಂಗವನ್ನು ತಯಾರಿಸಿ ಸ್ಪೀಕರಿನ ಮೂಲಕ ಬಿಡುತ್ತದೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಎರಡೂ ಅಡಗುತ್ತವೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ ಮೊರೆತದ ಒಂದು ತರಂಗ ಸುಮಾರು ಮೂರೂವರೆ ಮೀಟರ್ ಉದ್ದವಿರುವುದರಿಂದ, ಅಲ್ಲಿ ಒಂದು ಸೆಂಟಿಮೀಟರಿನಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. 3000 ಹರ್ಟ್ಸ್‌ನಲ್ಲಿ, ಅಂದರೆ ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳಿಸುವ ಮಟ್ಟದಲ್ಲಿ, ಇಡೀ ತರಂಗವೇ 11 ಸೆಂಟಿಮೀಟರ್. ಅಷ್ಟೇ ವ್ಯತ್ಯಾಸ ಅಲ್ಲಿ ಲೆಕ್ಕವನ್ನೆಲ್ಲ ಕೆಡಿಸಿಬಿಡುತ್ತದೆ. ಹಾಗಾಗಿ ಮೇಲಿನ ಸ್ವರಗಳನ್ನು ತಡೆಯುವ ಕೆಲಸ ಚಿಪ್ಪಿನದಲ್ಲ, ಕಿವಿಯನ್ನು ಸುತ್ತುವ ಮೆತ್ತೆಯದು. ಈ ತಂತ್ರ ವಿಮಾನದ ಮೊರೆತಕ್ಕೆ ಇಷ್ಟು ಚೆನ್ನಾಗಿ ಒಗ್ಗುವುದರ ಹಿಂದೆ ಚರಿತ್ರೆಯೂ ಇದೆ. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುತ್ತಿದ್ದ, ಬೋಸ್ ಕಂಪನಿಯ ಸ್ಥಾಪಕ ಅಮರ್ ಬೋಸ್, ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ನಿನ ಸದ್ದೇ ಹೆಚ್ಚು ಕೇಳುತ್ತಿದ್ದುದರಿಂದ, ಕುಳಿತಲ್ಲೇ ಇದರ ಲೆಕ್ಕ ಹಾಕಲು ತೊಡಗಿದರು. ಅವರ ಕಂಪನಿ ಪೈಲಟ್‌ಗಳಿಗಾಗಿ ಹೆಡ್‌ಸೆಟ್ ಮಾರುಕಟ್ಟೆಗೆ ತಂದದ್ದು 1989ರಲ್ಲಿ. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅವರು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಇನ್ನು ತೂಕದ ಮಾತು. ಸದ್ದು ಅಳಿಸುವ ಮೈಕು ಮತ್ತು ಚಿಪ್ ಒಟ್ಟು ಸೇರಿ ಕೆಲವೇ ಗ್ರಾಂ. ಭಾರ ಬರುವುದು ಬ್ಯಾಟರಿ, ಲೋಹದ ಚೌಕಟ್ಟು, ಮಡಚುವ ಕೀಲು, ದಪ್ಪ ಮೆತ್ತೆ ಇವುಗಳಿಂದ. ಸೋನಿಯ ಡಬ್ಲ್ಯುಎಚ್-ಸಿಎಚ್720ಎನ್ 192 ಗ್ರಾಂ ಇದೆ, ಅದೇ ಕಂಪನಿಯ ದುಬಾರಿ ಡಬ್ಲ್ಯುಎಚ್-1000ಎಕ್ಸ್ಎಂ5 ಸುಮಾರು 250 ಗ್ರಾಂ, ಆ್ಯಪಲ್‌ ಕಂಪನಿಯ ಲೋಹದ ಹೊದಿಕೆಯ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ ಆಸುಪಾಸು. ಮೊದಲೆರಡನ್ನು ಹೋಲಿಸಿದರೆ ದುಬಾರಿಯದು ಮಾತಿನ ಸದ್ದನ್ನು ಹೆಚ್ಚು ತಗ್ಗಿಸುತ್ತದೆ ಎಂಬುದು ನಿಜ. ಆದರೆ ರೈಲಿನಲ್ಲಿ, ಎಸಿಯ ಕೆಳಗೆ ಆ ಅಂತರ ಅಷ್ಟಾಗಿ ತಿಳಿಯುವುದಿಲ್ಲ, ಅರವತ್ತು ಗ್ರಾಂನ ಅಂತರ ಮಾತ್ರ ಸಂಜೆಯ ಹೊತ್ತಿಗೆ ಕುತ್ತಿಗೆಗೆ ಖಂಡಿತ ತಿಳಿಯುತ್ತದೆ. ನಿಮ್ಮ ಅಗತ್ಯಕ್ಕೆ ಹಗುರವಾದದ್ದೇ ಸರಿ ಎಂಬುದು ನನ್ನ ಅಭಿಪ್ರಾಯ.

ಘಟ್ಟದ ಹಾದಿ

ಮೇಲಿನವರು ಹೇಳಿದ 192 ಗ್ರಾಂನ ಹೆಡ್‌ಫೋನನ್ನೇ ನಾನು ಬಳಸುತ್ತಿದ್ದೇನೆ, ನನಗೂ ಕನ್ನಡಕ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ಕಿಟಕಿ ತೆರೆದಿರುವ ಬೋಗಿಯಲ್ಲಿ ಒಂದೊಂದು ಸುರಂಗ ಹೊಕ್ಕಾಗಲೂ ಗಾಲಿಯ ಸದ್ದು ಗೋಡೆಗೆ ಬಡಿದು ಮೈಮೇಲೆಯೇ ಬಂದಂತಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡಾಗ ಆ ಸದ್ದಿನ ಬುಡ ಮಾಯವಾಗಿ, ಮೇಲಿನ ಕಟಕಟ ಮಾತ್ರ ಉಳಿಯುತ್ತದೆ. ಕಿಟಕಿಯ ಪಕ್ಕ ಕೂತರೆ ಮಾತ್ರ ಗಾಳಿ ನೇರವಾಗಿ ಮೈಕಿಗೆ ಹೊಡೆದು ಭರ್ರ್ ಎಂಬ ಹೊಸದೊಂದು ಸದ್ದು ಹುಟ್ಟುತ್ತದೆ. ಆಗ ಒಳಗಿನ ಸೀಟಿಗೆ ಸರಿಯುವುದು ಇಲ್ಲವೇ ನಾಯ್ಸ್ ಕ್ಯಾನ್ಸಲಿಂಗ್ ಆರಿಸುವುದು ಎರಡೇ ದಾರಿ.

ಕನ್ನಡಕದ ವಿಷಯವನ್ನು ಅಂಗಡಿಯವರು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮೆತ್ತೆ ಚರ್ಮಕ್ಕೆ ಎಲ್ಲ ಕಡೆಯೂ ಕೂತಿರಬೇಕು. ಕಡ್ಡಿ ದಪ್ಪವಿದ್ದರೆ ಅದರ ಮೇಲೊಂದು ಕೆಳಗೊಂದು ಸಣ್ಣ ಸಂದು ಉಳಿಯುತ್ತದೆ, ಯಾವ ಮೊರೆತವನ್ನು ತಡೆಯಲು ನಾವು ಹಣ ಕೊಟ್ಟಿದ್ದೇವೋ ಅದೇ ಮೊರೆತ ಆ ಸಂದಿನಿಂದ ಒಳಗೆ ಬರುತ್ತದೆ. ಪ್ಲಾಸ್ಟಿಕ್ಕಿನ ಅಗಲ ಕಡ್ಡಿಯ ಬದಲು ತೆಳುವಾದ ಲೋಹದ ಕಡ್ಡಿ ಇರುವ ಫ್ರೇಮ್ ಹಾಕಿಸಿದ ಮೇಲೆ ನನಗೆ ನೋವೂ ತಪ್ಪಿತು, ಸದ್ದೂ ಇಳಿಯಿತು. ಜುಮುಕಿ ಹಾಕುವವರಾದರೆ ಅದು ಮೆತ್ತೆಯ ಒಳಗೆ ಸಿಕ್ಕಿ ಕಿವಿಯ ತುದಿಯನ್ನು ಎಳೆಯುತ್ತದೆ, ಆ ದಿನ ಸಣ್ಣ ಓಲೆ ಹಾಕಿಕೊಂಡರೆ ನೆಮ್ಮದಿ. ಇದರ ಮೆತ್ತೆಯ ಒಳಜಾಗ ಅಷ್ಟು ದೊಡ್ಡದಲ್ಲ. ಅಗಲ ಕಿವಿಯವರಿಗೆ ಅಂಚು ತಗಲುತ್ತದೆ. ಆದ್ದರಿಂದ ಕೊಳ್ಳುವ ಮೊದಲು ನಿಮ್ಮ ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಕೂತು ನೋಡಿ, ಮೊದಲ ಐದು ನಿಮಿಷದಲ್ಲಿ ಎಲ್ಲವೂ ಹಿತವಾಗಿಯೇ ಇರುತ್ತದೆ.

ನಾಯ್ಸ್ ಕ್ಯಾನ್ಸಲಿಂಗ್ ಹಾಕಿದಾಗಲೂ ಇದರ ಬ್ಯಾಟರಿ 35 ಗಂಟೆಯವರೆಗೆ ಬರುತ್ತದೆಂದು ಕಂಪನಿ ಹೇಳುತ್ತದೆ, ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ನನಗೆ ಸಾಕಾಗುತ್ತದೆ. ಮಡಚಲು ಬರುವುದಿಲ್ಲ, ಕಿವಿ ಮುಚ್ಚುವ ಬಟ್ಟಲುಗಳನ್ನು ತಿರುಗಿಸಿ ಚಪ್ಪಟೆ ಮಾಡಬಹುದಷ್ಟೆ; ಬ್ಯಾಗಿನಲ್ಲಿ ಊಟದ ಡಬ್ಬಿಯ ಕೆಳಗೆ ಸಿಕ್ಕದ ಹಾಗೆ ಒಂದು ಗಟ್ಟಿ ಚೀಲ ಬೇರೆಯಾಗಿ ಕೊಳ್ಳಬೇಕು.

ಮೆಟ್ರೋ ಮಿತ್ರ

ಹಗುರ ಎಂಬುದೇ ಮುಖ್ಯವಾದರೆ ಇಯರ್‌ಬಡ್ ಯಾಕಾಗಬಾರದು ಎಂದು ಕೇಳಬೇಕೆನಿಸುತ್ತದೆ. ಎರಡನೆಯ ತಲೆಮಾರಿನ ಏರ್‌ಪಾಡ್ಸ್ ಪ್ರೊನ ಒಂದು ಬಡ್ 5.3 ಗ್ರಾಂ, ಕನ್ನಡಕದ ಗೊಡವೆಯೇ ಇಲ್ಲ, ಬೇಸಿಗೆಯಲ್ಲಿ ಕಿವಿ ಬೆವರುವುದೂ ಇಲ್ಲ. ನಿಮ್ಮ ಬಜೆಟ್ಟಿನಲ್ಲಿ ಬೇರೆ ಕಂಪನಿಗಳವು ಸಿಗುತ್ತವೆ. ಪೆಟ್ಟಿಗೆಯಲ್ಲಿ ಬರುವ ಹಲವು ಅಳತೆಯ ಸಿಲಿಕಾನ್ ತುದಿಗಳಲ್ಲಿ ನಿಮ್ಮ ಕಿವಿಗೆ ಕೂರುವುದನ್ನು ಆರಿಸಿಕೊಳ್ಳಬೇಕು. ಎಡ ಬಲ ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು.

ಎಲ್ಲಿಯೇ ಆಗಲಿ, ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವಾಗ, ರಸ್ತೆ ದಾಟುವಾಗ, ರಾತ್ರಿ ನಿಲ್ದಾಣದಿಂದ ಮನೆಗೆ ನಡೆಯುವಾಗ ದಯವಿಟ್ಟು ಕಿವಿಯಿಂದ ತೆಗೆಯಿರಿ, ಇಲ್ಲವೇ ಹೊರಗಿನ ಸದ್ದನ್ನು ಒಳಬಿಡುವ ಆಂಬಿಯೆಂಟ್ ಮೋಡ್‌ಗೆ ಹಾಕಿ. ಹಿಂದಿನಿಂದ ಬರುವ ಗಾಡಿಯ ಮೊರೆತವನ್ನೇ ಇವು ಮೊದಲು ಅಳಿಸುತ್ತವೆ.

ಶ್ರವಣ ಆರೈಕೆ

ನಾನು ಶ್ರವಣ ಪರೀಕ್ಷೆಯ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಮೂರನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಕಿವಿಗೆ ಹಾನಿ ಮಾಡುವುದು ಹೆಡ್‌ಫೋನ್ ಅಲ್ಲ, ಧ್ವನಿಯ ಮಟ್ಟ ಮತ್ತು ಅವಧಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, ಅದೇ 90 ಡೆಸಿಬಲ್‌ಗೆ ಏರಿದರೆ ವಾರಕ್ಕೆ ಕೇವಲ 4 ಗಂಟೆ. ಹಾರುತ್ತಿರುವ ವಿಮಾನದ ಒಳಗಿನ ಸದ್ದೇ 80ರಿಂದ 85 ಡೆಸಿಬಲ್ ಆಸುಪಾಸು ಇರುತ್ತದೆ. ಸಾಧಾರಣ ಇಯರ್‌ಫೋನಿನಲ್ಲಿ ಮಾತೋ ಹಾಡೋ ಅರ್ಥವಾಗಬೇಕಾದರೆ ಆ ಸದ್ದನ್ನು ಮೀರುವಷ್ಟು ವಾಲ್ಯೂಮ್ ಏರಿಸಲೇಬೇಕು, ಅಪಾಯ ಇರುವುದು ಅಲ್ಲಿ. ಹೊರಗಿನ ಮೊರೆತ ಇಳಿದರೆ ಅರ್ಧ ವಾಲ್ಯೂಮಿನಲ್ಲೇ ಎಲ್ಲವೂ ಕೇಳುತ್ತದೆ. ಈ ದೃಷ್ಟಿಯಿಂದ ದಿನವೂ ಪ್ರಯಾಣ ಮಾಡುವವರಿಗೆ ನಾಯ್ಸ್ ಕ್ಯಾನ್ಸಲಿಂಗ್ ಒಂದು ರಕ್ಷಣೆ ಎಂದೇ ನಾನು ಹೇಳುತ್ತೇನೆ, ಆದರೆ ಮೊದಲಿನಷ್ಟೇ ವಾಲ್ಯೂಮ್ ಇಟ್ಟುಕೊಂಡರೆ ಯಾವ ಲಾಭವೂ ಇಲ್ಲ.

ಇಯರ್‌ಬಡ್ ಬಗ್ಗೆ ಒಂದು ಎಚ್ಚರಿಕೆ. ಐದಾರು ಗಂಟೆ ಕಿವಿಯ ನಾಳ ಮುಚ್ಚಿದ್ದರೆ ಒಳಗೆ ತೇವ ನಿಲ್ಲುತ್ತದೆ. ಕಿವಿ ಸೋರುವ ಅಥವಾ ಪದೇ ಪದೇ ತುರಿಸುವ ತೊಂದರೆ ಇದ್ದವರು ಹೊರಮೆತ್ತೆಯದನ್ನೇ ಆರಿಸಿಕೊಳ್ಳಲಿ. ವಿಮಾನ ಇಳಿದು ಬಹಳ ಹೊತ್ತಾದ ಮೇಲೂ ಮೊರೆತ ಕೇಳುತ್ತದೆ ಎಂದು ನೀವು ಬರೆದಿದ್ದೀರಿ. ಅದು ಮರುದಿನದವರೆಗೂ ಉಳಿಯುವುದಾದರೆ, ಹೆಡ್‌ಫೋನ್ ಕೊಳ್ಳುವ ಮೊದಲು ಇಎನ್‌ಟಿ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಸೌಲಭ್ಯ ಇದೆ.

ತುಮಕೂರು ಪ್ರಯಾಣಿಕೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೊರೆತ ರಾತ್ರಿಯ ಹೊತ್ತಿಗೆ ಹೋಗಿಬಿಡುತ್ತದೆ, ಆದರೂ ಪರೀಕ್ಷೆ ಮಾಡಿಸುತ್ತೇನೆ. ಹೊರಮೆತ್ತೆಯ ಹಗುರ ಹೆಡ್‌ಫೋನನ್ನೇ ನೋಡುವುದೆಂದು ತೀರ್ಮಾನಿಸಿದ್ದೇನೆ. ಇನ್ನೊಂದು ಸಂದೇಹ: ಅಣ್ಣನದನ್ನು ಹಾಕಿ ಏನನ್ನೂ ಕೇಳದೆ ಸುಮ್ಮನೆ ಕೂತಾಗ, ಘಟ್ಟ ಇಳಿಯುವಾಗ ಆಗುವ ಹಾಗೆ ಕಿವಿ ಕಟ್ಟಿದಂತೆ ಆಗಿತ್ತು. ಅದು ಅಪಾಯವೇ?

ಶಬ್ದತಂತ್ರ

ಅಪಾಯವಲ್ಲ ಮೇಡಂ. ಕಿವಿಯೊಳಗಿನ ಗಾಳಿಯ ಒತ್ತಡ ನಿಜವಾಗಿ ಬದಲಾಗಿರುವುದಿಲ್ಲ. ಕೆಳಸ್ವರಗಳು ಮಾತ್ರ ಹಠಾತ್ತನೆ ಇಲ್ಲವಾದಾಗ ಒತ್ತಡ ಬದಲಾದಂತೆ ಮಿದುಳು ಗ್ರಹಿಸುತ್ತದೆ ಎಂಬ ವಿವರಣೆ ನಮ್ಮ ಕ್ಷೇತ್ರದಲ್ಲಿ ರೂಢಿಯಲ್ಲಿದೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಅಭ್ಯಾಸವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಆಫೀಸಿನಲ್ಲಿ ತೀರಾ ಕಡಿಮೆ ದನಿಯಲ್ಲಿ ಮಳೆಯ ಸದ್ದನ್ನೋ ವಾದ್ಯಸಂಗೀತವನ್ನೋ ಹಾಕಿಕೊಂಡರೆ ಕಿವಿ ಕಟ್ಟಿದ ಅನುಭವ ಕಡಿಮೆಯಾಗುತ್ತದೆ, ಪಕ್ಕದವರ ಮಾತಿನ ಉಳಿದ ತುಣುಕುಗಳೂ ಅದರಲ್ಲಿ ಮುಚ್ಚಿಹೋಗುತ್ತವೆ. ಅಂಗಡಿಯಲ್ಲಿ ಪರೀಕ್ಷಿಸುವಾಗ ಹಾಡು ಹಾಕದೆ, ಬರಿಯ ನಾಯ್ಸ್ ಕ್ಯಾನ್ಸಲಿಂಗ್ ಒಂದನ್ನೇ ಆನ್ ಮಾಡಿಕೊಂಡು ಕೆಲಹೊತ್ತು ಕೂತು ನೋಡಿ; ತೊಂದರೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.