ಕರಗಿದ ಆಮ್ಲಜನಕ: ಕೆರೆಗೂ ತೊರೆಗೂ ಒಂದೇ ಮಿತಿ ಸಾಕೇ?

ಪ್ರಶ್ನೆ:
ಕೆರೆಯೊಂದರ ಬೆಚ್ಚಗಿನ ನೀರಿನಲ್ಲಿ ಮಧ್ಯಾಹ್ನ ಕರಗಿದ ಆಮ್ಲಜನಕ ಲೀಟರಿಗೆ 11 ಮಿಲಿಗ್ರಾಂ ಇದ್ದರೂ, ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿರುತ್ತವೆ. ನೀರಿನಲ್ಲಿ ಆಮ್ಲಜನಕ ಕನಿಷ್ಠ ಇಷ್ಟಿರಬೇಕೆನ್ನುವ ಮಾನದಂಡದ ಪ್ರಕಾರ ಉತ್ತಮವೆನಿಸುವ ನೀರಿನಲ್ಲಿ ಹೀಗೇಕಾಗುತ್ತದೆ? ಹರಿಯುವ ತೊರೆಗೂ ಇದೇ ಮಿತಿ ಅನ್ವಯಿಸುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಅಳೆದ ಹೊತ್ತೇ ಇಲ್ಲಿ ಮುಖ್ಯ. ಗಾಳಿಯಿಂದ ಸಿಹಿನೀರಿನಲ್ಲಿ ಕರಗಬಲ್ಲ ಆಮ್ಲಜನಕ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರವಾದ್ದರಿಂದ, ನಿಮ್ಮ 11 ಶುದ್ಧತೆಯ ಗುರುತಲ್ಲ, ಬಿಸಿಲಿನಲ್ಲಿ ಪಾಚಿ ಹೊರಬಿಟ್ಟ ಆಮ್ಲಜನಕದ ಗುರುತು. ರಾತ್ರಿಯಿಡೀ ಅದೇ ಪಾಚಿ ಉಸಿರಾಟಕ್ಕೆ ಅದನ್ನು ಬಳಸಿಕೊಳ್ಳುವುದರಿಂದ ಸೂರ್ಯೋದಯದ ಹೊತ್ತಿಗೆ ಪ್ರಮಾಣ ಕುಸಿದಿರುತ್ತದೆ. ದಿನದ ಕನಿಷ್ಠ ಮಟ್ಟವನ್ನು ಹೇಳದೆ ಸರಾಸರಿಯನ್ನಷ್ಟೇ ಹೇಳುವ ಮಾನದಂಡ, ನನ್ನ ಅಭಿಪ್ರಾಯದಲ್ಲಿ, ಅರೆಬರೆಯಾದದ್ದು.

ಉತ್ತರ 2:
ತೊರೆಯ ನೀರು ಕಲ್ಲುಗಳ ನಡುವೆ ಕದಡುತ್ತಾ ಗಾಳಿಯನ್ನು ಸೇರಿಸಿಕೊಳ್ಳುತ್ತದೆ. ಆಳವಾದ ಕೆರೆಯಲ್ಲಿ ಬೇಸಿಗೆಯ ಬಿಸಿನೀರು ಮೇಲೆ ನಿಂತು, ತಳದ ತಣ್ಣೀರಿಗೆ ಗಾಳಿಯೇ ತಲುಪದು. ಹೀಗಾಗಿ ಕೆರೆಗೆ ಅಳತೆಯ ಆಳವನ್ನೂ ಸೂಚಿಸಬೇಕು, ಪಾಚಿಯನ್ನು ಬೆಳೆಸುವ ರಂಜಕಕ್ಕೂ ಮಿತಿ ಇಡಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮೀನಿಗೆ ವಿಷವಾಗಬಲ್ಲ ಅಮೋನಿಯಾವನ್ನೂ ಬೆಳಗ್ಗೆಯೇ ಅಳೆದರೆ ಸಾಕಾಗುವುದೇ?

ಉತ್ತರ 1:
ಸಾಲದು. ಹಗಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿದಂತೆ ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಏರಿ, ಅಮೋನಿಯಾದ ವಿಷಕಾರಿ ಅಂಶ ಹೆಚ್ಚುತ್ತದೆ. ಅದಕ್ಕೆ ಮಧ್ಯಾಹ್ನದ ಅಳತೆಯೇ ಬೇಕು, ಜೊತೆಗೆ ಪಿಎಚ್ ಮತ್ತು ಉಷ್ಣಾಂಶವನ್ನೂ ದಾಖಲಿಸಿ.