ಸಹಾಯ ಬೇಕು: ಮನೆಯಲ್ಲೇ ಕಾರು ಎತ್ತಲು ಜಾಕ್ ಮತ್ತು ಸ್ಟ್ಯಾಂಡ್

ಮಾನ್ಯರೇ, ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಹಳೆಯ ಸ್ವಿಫ್ಟ್ ಕಾರಿದ್ದು, ಆಯಿಲ್ ಬದಲಿಸುವುದು, ಮಳೆಗಾಲ ಕಳೆದ ಮೇಲೆ ಅಡಿಭಾಗಕ್ಕೆ ಮೆತ್ತಿದ ಕೆಂಪು ಮಣ್ಣನ್ನು ತೊಳೆದು ತುಕ್ಕು ಪರೀಕ್ಷಿಸುವುದು ಮುಂತಾದ ಕೆಲಸಗಳನ್ನು ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಕಾರಿನೊಂದಿಗೆ ಬಂದ ಸ್ಕ್ರೂ ಜಾಕ್ ಸ್ಟೆಪ್ನಿ ಬದಲಿಸಲು ಸಾಕು. ಅದನ್ನೇ ನಂಬಿ ಕಾರಿನಡಿ ಮಲಗುವ ಧೈರ್ಯ ನನಗಿಲ್ಲ, ಇರಲೂಬಾರದು. ಕಾರಿನ ತೂಕ ಸುಮಾರು 1 ಟನ್ ಇರುವುದರಿಂದ 2 ಟನ್ ಸಾಮರ್ಥ್ಯದ ಹೈಡ್ರಾಲಿಕ್ ಟ್ರಾಲಿ ಜಾಕ್ ಸಾಕೇ, ಅಥವಾ 3 ಟನ್ನಿನದೇ ಬೇಕೇ? ಜಾಕ್ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್‌ಗಳಲ್ಲಿ, ಎತ್ತರ ಹೊಂದಿಸಲು ಹಲ್ಲಿನ ಪಟ್ಟಿಯಿರುವುದಕ್ಕಿಂತ ತೂತಿಗೆ ಪಿನ್ ತೂರಿಸುವ ಬಗೆಯ ಕಡೆಗೇ ನನ್ನ ಒಲವು.

ಮುಖ್ಯ ತೊಡಕು ನೆಲದ್ದು. ಅಡಿಕೆ ಒಣಗಿಸುವ ಕಾಂಕ್ರೀಟ್ ಕಣ ಸಮತಟ್ಟಾಗಿದೆಯಾದರೂ ಕೊಯ್ಲಿನ ಕಾಲದಲ್ಲಿ ಅದು ನನಗೆ ಸಿಗದು. ಉಳಿದದ್ದು ಮಣ್ಣಿನ ಅಂಗಳ. ಅಲ್ಲಿ ದಪ್ಪ ಹಲಗೆಯ ಮೇಲೆ ಸ್ಟ್ಯಾಂಡ್ ನಿಲ್ಲಿಸಿ ಕೆಲಸ ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.